ಅರಿವಳಿಕೆಯಿಂದ ಏಳುವ ಕುದುರೆ: ಜಾಗ ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ಎತ್ತು ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಮುಂಗಾಲಿನ ಮಂಡಿಯ ಮೇಲೆ ಒಂದು ಕ್ಷಣ ತಡೆದು, ಭಾರ ಸರಿಮಾಡಿಕೊಂಡು, ಆಮೇಲೆ ನಿಲ್ಲುತ್ತದೆ. ಕುದುರೆ ಇದಕ್ಕೆ ತೀರ ತದ್ವಿರುದ್ಧ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಕತ್ತು ಬೀಸಿ, ಹಿಂಗಾಲಿನ ಬಲದಿಂದ ಇಡೀ ಮೈಯನ್ನು ಒಂದೇ ಹೊಡೆತಕ್ಕೆ ಮೇಲಕ್ಕೆ ಎಸೆಯುತ್ತದೆ. ನಡುವೆ ತಡೆದು ಸುಧಾರಿಸಿಕೊಳ್ಳುವ ಅವಕಾಶ ಅದಕ್ಕಿಲ್ಲ. ಅರಿವಳಿಕೆಯ ಮತ್ತು ಪೂರ್ತಿ ಇಳಿಯದೆ, ಕಾಲಿನ ಸ್ನಾಯುಗಳು ಇನ್ನೂ ಸೋತಿರುವಾಗ ಹೀಗೆ ಎದ್ದರೆ ಮೂರು ಕ್ವಿಂಟಲ್ ಭಾರ ಜಾರುವ ನೆಲದ ಮೇಲೆ ಅಡ್ಡಾದಿಡ್ಡಿ ಬೀಳುತ್ತದೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಕುದುರೆಗೆ ಶಸ್ತ್ರಚಿಕಿತ್ಸೆ ನಡೆಯುವಾಗ ಸುತ್ತ ನಿಲ್ಲುವವರಲ್ಲಿ ಹೆಚ್ಚಿನವರು ಎತ್ತು-ಎಮ್ಮೆ ಕಂಡವರು. ಬಿದ್ದ ದನವನ್ನು ಬಾಲ ತಿರುವಿ, ನೀರು ಎರಚಿ, ‘ಹೋ’ ಎಂದು ಕೂಗಿ ಎಬ್ಬಿಸಿ ಅವರಿಗೆ ರೂಢಿ. ಕುದುರೆಗೆ ಆ ಉಪಕಾರ ಮಾಡಿದರೆ ಕಾಲು ಮುರಿಯುತ್ತದೆ. ಟಾಂಗಾ ಕುದುರೆ, ಮದುವೆ ಮೆರವಣಿಗೆಯ ಕುದುರೆ, ಗಾಡಿ ಓಟದ ಕುದುರೆ, ಕುರಿಗಾರರ ಸಾಮಾನು ಹೊರುವ ತಟ್ಟು, ಯಾವುದೇ ಇರಲಿ, ಬೀಜ ತೆಗೆಸುವುದಕ್ಕೋ ದೊಡ್ಡ ಗಾಯ ಹೊಲಿಸುವುದಕ್ಕೋ ಪೂರ್ಣ ಅರಿವಳಿಕೆ ಕೊಡುವ ದಿನ ಬಂದರೆ ಔಷಧಿಯ ಆಯ್ಕೆ ಪಶುವೈದ್ಯರದು. ಕುದುರೆ ಎಚ್ಚರವಾಗುವ ಜಾಗ ಮಾತ್ರ ಬಹುಮಟ್ಟಿಗೆ ಮಾಲೀಕನ ಕೈಯಲ್ಲಿದೆ.

ಇದು ಎಷ್ಟು ಗಂಭೀರ ಎಂಬುದಕ್ಕೆ ಒಂದು ಲೆಕ್ಕ. 2002ರಲ್ಲಿ ಪ್ರಕಟವಾದ, 40,000ಕ್ಕೂ ಹೆಚ್ಚು ಕುದುರೆಗಳ ದಾಖಲೆ ನೋಡಿದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಹೊಟ್ಟೆನೋವಿನ ತುರ್ತು ಶಸ್ತ್ರಚಿಕಿತ್ಸೆ ಬಿಟ್ಟು ಉಳಿದವುಗಳಲ್ಲೂ ಸಾವಿನ ಪ್ರಮಾಣ ಶೇ 0.9 ಇತ್ತು. ಮನುಷ್ಯರ ಅರಿವಳಿಕೆಗೆ ಹೋಲಿಸಿದರೆ ಇದು ಬಹಳ ದೊಡ್ಡ ಸಂಖ್ಯೆ. ಒಟ್ಟು ಸಾವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಮೂಳೆ ಮುರಿತ ಕಾರಣ. ಕತ್ತರಿ-ಸೂಜಿಯ ಕೆಲಸ ಮುಗಿದು ಎಲ್ಲರೂ ಚಹಾ ಕುಡಿಯಲು ಹೊರಡುವ ಹೊತ್ತಿಗೆ ನಿಜವಾದ ಅಪಾಯ ಶುರುವಾಗುತ್ತದೆ.

ಬಯಲೋ, ಲಾಯವೋ?

ಬೀಜ ತೆಗೆಯುವಂಥ ಚಿಕ್ಕ ಶಸ್ತ್ರಚಿಕಿತ್ಸೆಗೆ ನನ್ನ ಮತ ಬಯಲಿನ ಕಡೆಗೆ. ಹುಲ್ಲು ಬೆಳೆದ ಸಮತಟ್ಟಾದ ನೆಲದಷ್ಟು ಒಳ್ಳೆಯ ಹಾಸಿಗೆಯನ್ನು ಹಳ್ಳಿಯಲ್ಲಿ ದುಡ್ಡು ಕೊಟ್ಟು ಕಟ್ಟಿಸಲಾಗದು. ಗೊರಸಿಗೆ ಹಿಡಿತ ಸಿಗುತ್ತದೆ, ಬಿದ್ದರೆ ಪೆಟ್ಟು ಕಡಿಮೆ, ಬಡಿದುಕೊಳ್ಳಲು ಗೋಡೆ ಇರುವುದಿಲ್ಲ.

ಆದರೆ ನಮ್ಮ ಮಣ್ಣು ಎಲ್ಲ ಕಡೆ ಒಂದೇ ಅಲ್ಲ. ನವಲಗುಂದ, ನರಗುಂದ, ರೋಣದ ಎರೆ ಹೊಲಗಳು ಬೇಸಿಗೆಯಲ್ಲಿ ಬಾಯಿ ಬಿಡುತ್ತವೆ. ಆ ಬಿರುಕಿನಲ್ಲಿ ಕುದುರೆಯ ಗೊರಸು ಸಿಕ್ಕಿಕೊಂಡರೆ ಎದ್ದ ರಭಸಕ್ಕೇ ಮೂಳೆ ಹೋಗುತ್ತದೆ. ಅದೇ ಎರೆ ಮಣ್ಣು ಒಂದು ಮಳೆ ಬಿದ್ದರೆ ಸಾಬೂನಿನಂತೆ ಜಾರುತ್ತದೆ. ಮಸಾರಿ ಮಣ್ಣಿನ ಬಯಲು ಒಳ್ಳೆಯದು: ನೀರು ಬೇಗ ಇಂಗುತ್ತದೆ, ಬಿರಿಯುವುದಿಲ್ಲ. ಗರಸು ಹಾಕಿದ ಅಂಗಳದಲ್ಲಿ ಜಾರುವ ಭಯವಿಲ್ಲದಿದ್ದರೂ ಕಣ್ಣಿನ ಮೇಲಿನ ಮೂಳೆ, ಮಂಡಿ, ಸೊಂಟದ ಚರ್ಮ ಕಿತ್ತುಹೋಗುತ್ತದೆ. ಬೇರೆ ದಾರಿ ಇಲ್ಲದೆ ಗರಸಿನ ಮೇಲೆಯೇ ಮಾಡಬೇಕಾದರೆ ಅರ್ಧ ಅಡಿ ಮಸಾರಿ ಮಣ್ಣನ್ನೋ ಮರಳನ್ನೋ ಹರಡಿ, ನೀರು ಚಿಮುಕಿಸಿ ಗಟ್ಟಿಮಾಡಿಕೊಳ್ಳಿ. ಒಣ ಮರಳು ಮೂಗಿಗೂ ಕಣ್ಣಿಗೂ ಹೋಗುತ್ತದೆ.

ಜಾಗ ಗೊತ್ತುಮಾಡಿದ ಮೇಲೆ ಹಿಂದಿನ ಸಂಜೆಯೇ ಬರಿಗಾಲಿನಲ್ಲಿ ಒಮ್ಮೆ ನಡೆದು ನೋಡಿ. ಬೇರೆ ಯಾವ ಪರೀಕ್ಷೆಯೂ ಇದಕ್ಕೆ ಸಮನಲ್ಲ. ಜಾಲಿ ಮುಳ್ಳು, ಒಡೆದ ಬಾಟಲಿ, ಹನಿ ನೀರಾವರಿ ಪೈಪಿನ ತುಂಡು, ಹಳೆಯ ಗೂಟದ ಮೊನೆ ಎಲ್ಲವೂ ಕಾಲಿಗೆ ಸಿಗುತ್ತವೆ. ಎಲ್ಲ ದಿಕ್ಕಿಗೂ ಕನಿಷ್ಠ ಹತ್ತು-ಹದಿನೈದು ಮೀಟರ್ ತೆರವಾಗಿರಲಿ. ತಂತಿ ಬೇಲಿ, ಒಡ್ಡು, ಬಾವಿ, ಕೃಷಿಹೊಂಡ, ನಿಲ್ಲಿಸಿದ ಟ್ರಾಕ್ಟರ್ ಇವುಗಳಿಂದ ದೂರವಿರಬೇಕು. ಮೊದಲು ನಿಂತ ಕುದುರೆ ನೇರ ನಡೆಯುವುದಿಲ್ಲ, ಎತ್ತಲೋ ತೂರಾಡುತ್ತದೆ. ನೆಲ ಸ್ವಲ್ಪ ಇಳಿಜಾರಿದ್ದರೆ ಬೆನ್ನು ಮೇಲಕ್ಕೂ ಕಾಲುಗಳು ಇಳಿಜಾರಿನ ಕಡೆಗೂ ಬರುವಂತೆ ಮಲಗಿಸಿದರೆ ಏಳುವುದು ಸುಲಭ.

ಬ್ಯಾಡಗಿ ಕಡೆಯವರಿಗೆ ಒಂದು ಮಾತು. ಮೆಣಸಿನಕಾಯಿ ಒಣಹಾಕಿದ ಕಣದ ಹತ್ತಿರ ಈ ಕೆಲಸ ಬೇಡವೇ ಬೇಡ. ಕುದುರೆ ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ. ಬಾಯಿಯಿಂದ ಉಸಿರು ಎಳೆಯಲು ಅದಕ್ಕೆ ಆಗುವುದಿಲ್ಲ. ಮೆಣಸಿನ ಘಾಟು, ಒಕ್ಕಣೆಯ ದೂಳು, ಒಲೆಯ ಹೊಗೆ ಯಾವುದಾದರೂ ಮೂಗು ಕೆರಳಿಸಿದರೆ ಅರೆ ಎಚ್ಚರದಲ್ಲಿ ತಲೆ ಒಗೆಯಲು ಶುರುಮಾಡುತ್ತದೆ.

ಲಾಯದಲ್ಲೇ ಮಾಡಬೇಕಾದರೆ

ಮಳೆಗಾಲ, ನಗರದ ಇಕ್ಕಟ್ಟು, ರಾತ್ರಿಯ ತುರ್ತು ಸಂದರ್ಭ, ಹೀಗೆ ಯಾವುದೋ ಕಾರಣಕ್ಕೆ ಒಳಗೇ ಎಬ್ಬಿಸಬೇಕಾಗುತ್ತದೆ. ಆಗ ಅಳತೆ ಮುಖ್ಯ. ಸುಮಾರು 12 ಅಡಿಗೆ 12 ಅಡಿಯಿಂದ 15 ಅಡಿಗೆ 15 ಅಡಿಯವರೆಗಿನ ಕೋಣೆ ಸರಿಹೋಗುತ್ತದೆ. ಇದಕ್ಕಿಂತ ಚಿಕ್ಕದಾದರೆ ಕುದುರೆ ಗೋಡೆಗೆ ಕಾಲು ಸಿಕ್ಕಿಸಿಕೊಂಡು ಮಗ್ಗುಲಾಗಲಾರದೆ ಒದ್ದಾಡುತ್ತದೆ. ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ತಪ್ಪು. ಗೋದಾಮಿನಷ್ಟು ದೊಡ್ಡ ಕೋಣೆಯಲ್ಲಿ ತೂರಾಡುವ ಕುದುರೆಗೆ ಓಡುವಷ್ಟು ವೇಗ ಸಿಕ್ಕಿಬಿಡುತ್ತದೆ, ಆ ವೇಗದಲ್ಲೇ ಎದುರು ಗೋಡೆಗೆ ಬಡಿಯುತ್ತದೆ.

ನೆಲ. ನಮ್ಮ ದನದ ಕೊಟ್ಟಿಗೆಗಳಲ್ಲಿ ಶಹಾಬಾದ್ ಕಲ್ಲು ಇಲ್ಲವೇ ನುಣುಪಾದ ಸಿಮೆಂಟ್. ಗಂಜಲ ಬಿದ್ದರೆ ಎರಡೂ ಗಾಜು. ಅದರ ಮೇಲೆ ಭತ್ತದ ಹುಲ್ಲನ್ನು ದಪ್ಪವಾಗಿ ಹಾಸಿದರೆ ಮೆತ್ತಗಾಯಿತು ಎಂದು ಸಮಾಧಾನವಾಗುತ್ತದೆ. ಆದರೆ ಕುದುರೆ ಮುಂಗಾಲು ಊರಿದ ಕೂಡಲೇ ಹುಲ್ಲು ಕಲ್ಲಿನ ಮೇಲೆ ಜಾರಿ, ಕಾಲಿನೊಡನೆ ಹೊರಟುಹೋಗುತ್ತದೆ. ಮೊಣಕಾಲುದ್ದ ಹಾಸಿದ ಹುಲ್ಲಿನಲ್ಲಿ ಕಾಲು ತೊಡರುತ್ತದೆ ಕೂಡ. ನಾನು ಸೂಚಿಸುವುದು ಇದು: ಮೊದಲು ನೆಲವನ್ನು ತೊಳೆದು ಪೂರ್ತಿ ಒಣಗಿಸಿ. ಮೇಲೆ ಎರಡು-ಮೂರು ಇಂಚು ಹಸಿ ಮರಳು ಹರಡಿ ಮಟ್ಟಮಾಡಿ. ಅದರ ಮೇಲೆ ಹೈನುಗಾರರು ಬಳಸುವ ದಪ್ಪ ರಬ್ಬರ್ ಮ್ಯಾಟುಗಳನ್ನು ಗೋಡೆಯಿಂದ ಗೋಡೆಗೆ ಸಂದಿಲ್ಲದಂತೆ ಜೋಡಿಸಿ. ಮ್ಯಾಟಿನ ಅಂಚು ಒಂದು ಬೆರಳು ಎದ್ದಿದ್ದರೂ ಗೊರಸು ಅದಕ್ಕೇ ಸಿಕ್ಕುತ್ತದೆ. ಎರಡು ಮ್ಯಾಟು ಸೇರುವಲ್ಲಿ ನಿಮ್ಮ ಚಪ್ಪಲಿಯ ತುದಿಯಿಂದ ಒದ್ದು ನೋಡಿ, ಎದ್ದರೆ ಸರಿಯಾಗಿಲ್ಲ. ಮ್ಯಾಟು ಸಿಗದಿದ್ದರೆ ಬರೀ ಗಟ್ಟಿಮಾಡಿದ ಹಸಿ ಮರಳಿನ ನೆಲವೇ ಹುಲ್ಲು ಹಾಸಿದ ಕಲ್ಲಿಗಿಂತ ಎಷ್ಟೋ ಮೇಲು. ಮರದ ಹೊಟ್ಟು, ಭತ್ತದ ಹೊಟ್ಟು ಬೇಡ, ಮೂಗಿಗೆ ಹೋಗುತ್ತವೆ.

ಗೋಡೆ. ಗೋದಲಿ, ಕಟ್ಟುವ ಬಳೆ, ಮೊಳೆ, ನೀರಿನ ತೊಟ್ಟಿ, ಸ್ವಿಚ್ ಬೋರ್ಡು, ಮೂಲೆಯಲ್ಲಿ ಆನಿಸಿಟ್ಟ ಸಲಿಕೆ ಎಲ್ಲವನ್ನೂ ಕುದುರೆಯ ತಲೆ ಮುಟ್ಟುವ ಎತ್ತರದವರೆಗೆ ತೆಗೆಯಿರಿ ಅಥವಾ ಮುಚ್ಚಿ. ಕಟ್ಟಿದ ಗೋದಲಿಯನ್ನು ಕೀಳಲಾಗದಿದ್ದರೆ ಗೋಣಿಚೀಲದಲ್ಲಿ ಹುಲ್ಲು ತುಂಬಿ, ಅದರ ಅಂಚು ಕಾಣದಂತೆ ಜೋಡಿಸಿ ಬಿಗಿಯಾಗಿ ಕಟ್ಟಬೇಕು. ನಾಲ್ಕು ಮೂಲೆಗಳಿಗೂ ಹುಲ್ಲಿನ ಪಿಂಡಿಗಳನ್ನು ಪೇರಿಸಿ ಮೂಲೆಯನ್ನು ಗುಂಡಗೆ ಮಾಡಿದರೆ ಕಾಲೋ ತಲೆಯೋ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ. ದೊಡ್ಡ ಕುದುರೆ ಆಸ್ಪತ್ರೆಗಳಲ್ಲಿ ಚೇತರಿಕೆ ಕೋಣೆಯನ್ನು ಎಂಟು ಮೂಲೆಯಾಗಿ ಕಟ್ಟಿಸುವುದು ಇದೇ ಕಾರಣಕ್ಕೆ. ಗೋಡೆಗೆ ಹಳೆಯ ಹಾಸಿಗೆ ಆನಿಸುವವರಿದ್ದಾರೆ. ಕಟ್ಟದೆ ಸುಮ್ಮನೆ ಆನಿಸಿದ ಹಾಸಿಗೆ ಕಾಲಡಿಗೆ ಬಿದ್ದು ಹೊಸ ಅಪಾಯವಾಗುತ್ತದೆ.

ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗಿ ಕುದುರೆ ಬಿದ್ದರೆ ಯಾರೂ ಒಳಗೆ ಹೋಗಲಾರರು. ಹೊರಗಿನಿಂದ ನೋಡಲು ಒಂದು ಕಿಂಡಿ ಇರಲಿ.

ಬೆಳಕು, ಸದ್ದು, ಗಾಳಿ

ಎಚ್ಚರಾಗುವ ಕುದುರೆಗೆ ಕಿವಿ ಕೇಳಿಸುತ್ತದೆ, ಆದರೆ ಎಲ್ಲಿದ್ದೇನೆ ಎಂಬುದು ತಿಳಿಯುವುದಿಲ್ಲ. ಕಣ್ಣುಗುಡ್ಡೆ ಅತ್ತಿತ್ತ ಆಡುತ್ತಿರುವುದರಿಂದ ಕಂಡದ್ದೂ ನಿಲ್ಲುವುದಿಲ್ಲ. ಬಯಲಲ್ಲಿ ತೋಳ-ಚಿರತೆಗೆ ಹೆದರಿ ಓಡಿ ಬದುಕಿದ ಜಾತಿ ಅದು. ಭಯವಾದಾಗ ಅದಕ್ಕೆ ಗೊತ್ತಿರುವ ಉಪಾಯ ಒಂದೇ, ಎದ್ದು ಓಡುವುದು. ಹೀಗಾಗಿ ಸದ್ದು ಕಡಿಮೆ ಮಾಡಿದಷ್ಟೂ ಅದು ಹೆಚ್ಚು ಹೊತ್ತು ಮಲಗಿರುತ್ತದೆ, ಮಲಗಿದಷ್ಟು ಹೊತ್ತೂ ಔಷಧಿ ಇಳಿದು ಕಾಲಿಗೆ ಬಲ ಬರುತ್ತದೆ.

ದಿನ ನಿಗದಿ ಮಾಡುವ ಮೊದಲು ಓಣಿಯಲ್ಲಿ ಮದುವೆ, ಜಾತ್ರೆ, ಡೊಳ್ಳು, ಡಿಜೆ ಏನಾದರೂ ಇದೆಯೇ ಎಂದು ವಿಚಾರಿಸಿ. ನಾಯಿಗಳನ್ನು ಕಟ್ಟಿಹಾಕಿ, ಮೊಬೈಲುಗಳ ಸದ್ದು ಬಂದ್ ಮಾಡಿಸಿ. ನೋಡಲು ನೆರೆಯುವ ಜನರನ್ನು ದೂರ ಕಳಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಊರಿನಲ್ಲಿ ಮಾತು ನಡೆಯುವ ಹಿರಿಯರೊಬ್ಬರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ. ಕಿವಿಗೆ ಹತ್ತಿಯ ಉಂಡೆ ಇಟ್ಟು, ಕಣ್ಣಿನ ಮೇಲೆ ದಪ್ಪ ಟವೆಲ್ ಹಾಕಿದರೆ ಬಹಳ ಅನುಕೂಲ. ಹತ್ತಿ ಒಳಕ್ಕೆ ಜಾರದಷ್ಟು ದೊಡ್ಡದಿರಲಿ, ತೆಗೆಯಲು ಮರೆಯದಂತೆ ಅದಕ್ಕೊಂದು ದಾರ ಕಟ್ಟಿಡಿ. ಜೊತೆಗಾರ ಕುದುರೆಯ ಕೆನೆತಕ್ಕೂ ಇದು ತಟ್ಟನೆ ಏಳಲು ನೋಡುತ್ತದೆ. ಅದನ್ನು ಕೂಗಿದರೂ ಕೇಳದಷ್ಟು ದೂರ ಕಟ್ಟುವುದು ಲೇಸು.

ಕಾಲಮಾನದ ಬಗ್ಗೆ ಹೇಳುವುದಾದರೆ, ತುರ್ತಿಲ್ಲದ ಶಸ್ತ್ರಚಿಕಿತ್ಸೆಗೆ ನಮ್ಮ ಸೀಮೆಯಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವೇ ಪ್ರಶಸ್ತ. ನೊಣ ಕಡಿಮೆ, ನೆಲ ಒಣಗಿರುತ್ತದೆ. ಆದರೆ ಧಾರವಾಡದ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮೈ ತೊಯ್ದ ಕುದುರೆ ನಡುಗುತ್ತದೆ, ನಡುಗುವ ಕಾಲು ಭಾರ ಹೊರುವುದಿಲ್ಲ. ಬಿಸಿಲೇರಿದ ಮೇಲೆ, ಒಂಬತ್ತರ ನಂತರ ಶುರುಮಾಡಿ, ಒಣ ಕಂಬಳಿ ಹೊದಿಸಿ. ಗದಗದ ಬೇಸಿಗೆಯಲ್ಲಿ ಅನಿವಾರ್ಯವಾದರೆ ಬೆಳಗಿನ ಆರಕ್ಕೇ ಮುಗಿಸುವ ಲೆಕ್ಕ ಹಾಕಿ, ಬೇವಿನ ಮರದ ನೆರಳು ಹುಡುಕಿ. ಅರಿವಳಿಕೆಯಲ್ಲಿ ಕಣ್ಣು ಅರೆ ತೆರೆದೇ ಇರುವುದರಿಂದ ನೇರ ಬಿಸಿಲು ಬಿದ್ದರೆ ಕಣ್ಣು ಒಣಗಿ ಹುಣ್ಣಾಗುತ್ತದೆ. ವೈದ್ಯರು ಹಚ್ಚುವ ಕಣ್ಣಿನ ಮುಲಾಮು ಅದಕ್ಕಾಗಿಯೇ.

ಹಿಂದಿನ ದಿನದ ಸಿದ್ಧತೆ

ಮೇವು ಎಷ್ಟು ಹೊತ್ತು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ. ದೊಡ್ಡ ಕುದುರೆಗೆ ಸಾಮಾನ್ಯವಾಗಿ 6ರಿಂದ 12 ಗಂಟೆ ಹೇಳುತ್ತಾರೆ. ನೀರು ನಿಲ್ಲಿಸಬೇಕಾಗಿಲ್ಲ. ಅರಿವಳಿಕೆಗೆ ಸ್ವಲ್ಪ ಮೊದಲು ಬಾಯಿ ತೊಳೆದರೆ ಹಲ್ಲಿನ ಸಂದಿಯ ಕಣಿಕೆ ಚೂರು ಗಂಟಲಿಗೆ ಇಳಿಯುವುದಿಲ್ಲ. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಲಸಿಕೆ ಆಗಿದೆಯೇ ಎಂದು ನೋಡಿಸಿ. ಲಾಳ ಬಿಚ್ಚಿಸಿ, ಆಗದಿದ್ದರೆ ಗೊರಸಿಗೆ ಬಟ್ಟೆ ಸುತ್ತಿ ಅಂಟುಪಟ್ಟಿ ಹಾಕಿಸಿ. ಸವೆದ ಕಬ್ಬಿಣದ ಲಾಳ ಸಿಮೆಂಟಿನ ಮೇಲೆ ಜಾರುವುದೂ ನಿಜ, ಒದ್ದಾಡುವಾಗ ಇನ್ನೊಂದು ಕಾಲನ್ನು ಸೀಳುವುದೂ ನಿಜ.

ಮಲಗಿರುವಾಗ

ಕುದುರೆ ಅಡ್ಡ ಮಲಗಿದಾಗ ಅದರ ಭಾರವೇ ಅದರ ಶತ್ರು. ಕೆಳಗಿನ ಭುಜ, ತೊಡೆಯ ಸ್ನಾಯುಗಳಿಗೆ ರಕ್ತ ಸರಿಯಾಗಿ ಹರಿಯದೆ ಅವು ಗಟ್ಟಿಯಾಗುತ್ತವೆ, ನರ ಒತ್ತಿಹೋಗುತ್ತದೆ. ಎದ್ದಾಗ ಆ ಕಾಲು ಮಡಚಿಬೀಳುತ್ತದೆ. ಅದಕ್ಕಾಗಿ ಕೆಳಗಿನ ಮುಂಗಾಲನ್ನು ಮುಂದಕ್ಕೆ ಎಳೆದಿಡಬೇಕು. ಮೇಲಿನ ಕಾಲುಗಳು ಕೆಳಗಿನವುಗಳ ಮೇಲೆ ಕುಸಿಯದಂತೆ ನಡುವೆ ಹುಲ್ಲು ತುಂಬಿದ ಚೀಲ ಇಡಬೇಕು. ತಲೆಗೆ ಕಟ್ಟಿದ ಪಟ್ಟಿಯ ಕಬ್ಬಿಣದ ಬಕಲ್ ಕೆನ್ನೆಗೆ ಒತ್ತಿದರೆ ಮುಖದ ನರ ಸೋತು ತುಟಿ ಜೋತುಬೀಳುತ್ತದೆ. ಪಟ್ಟಿ ಬಿಚ್ಚಿ, ಇಲ್ಲವೇ ಅಡಿಗೆ ದಪ್ಪ ಬಟ್ಟೆ ಇಡಿ. ಮೂಗಿನ ಎರಡೂ ಹೊಳ್ಳೆಗಳು ತೆರೆದಿವೆಯೇ ಎಂಬುದರ ಮೇಲೆ ಒಬ್ಬರ ಕಣ್ಣು ಸದಾ ಇರಲಿ. ತಲೆ ಬಹಳ ಹೊತ್ತು ಕೆಳಗಿದ್ದರೆ ಮೂಗಿನ ಒಳಗೇ ಊತ ಬರುತ್ತದೆ. ಗೊರಕೆಯಂಥ ಸದ್ದು ಕೇಳಿದರೆ ತಕ್ಷಣ ವೈದ್ಯರಿಗೆ ಹೇಳಿ.

ದೀರ್ಘ ಶಸ್ತ್ರಚಿಕಿತ್ಸೆಯಾದರೆ ವೈದ್ಯರು ಮೂತ್ರಕೋಶವನ್ನು ನಳಿಕೆಯಿಂದ ಖಾಲಿ ಮಾಡಿಸುತ್ತಾರೆ. ತುಂಬಿದ ಮೂತ್ರಕೋಶದ ಕಿರಿಕಿರಿಗೆ ಕುದುರೆ ಬೇಗ ಏಳಲು ನೋಡುತ್ತದೆ, ಎದ್ದು ತನ್ನ ಮೂತ್ರದ ಮೇಲೆಯೇ ಜಾರುತ್ತದೆ.

ಆ ಅರ್ಧ ಗಂಟೆ

ಬಯಲಿನಲ್ಲಿ ಚುಚ್ಚುಮದ್ದಿನ ಅರಿವಳಿಕೆ ಕೊಟ್ಟ ಕುದುರೆ ಸಾಮಾನ್ಯವಾಗಿ 30ರಿಂದ 45 ನಿಮಿಷದೊಳಗೆ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಅನಿಲದ ಅರಿವಳಿಕೆ ಆದರೆ ಸುಮಾರು ಒಂದು ಗಂಟೆ ಹಿಡಿಯಬಹುದು, ಅಲ್ಲಿ ಅವಸರದ ಏಳುವಿಕೆ ತಡೆಯಲು ಸ್ವಲ್ಪ ಮತ್ತಿನ ಔಷಧಿಯನ್ನೂ ಕೊಡುತ್ತಾರೆ. ಒಂದೂವರೆ ಗಂಟೆ ದಾಟಿದರೂ ಏಳುವ ಪ್ರಯತ್ನವಿಲ್ಲದಿದ್ದರೆ ಕಾರಣ ಹುಡುಕಬೇಕು.

ಚಿಹ್ನೆಗಳು ಒಂದರ ಹಿಂದೊಂದು ಬರುತ್ತವೆ. ಮೊದಲು ಕಣ್ಣುಗುಡ್ಡೆಯ ಓಲಾಟ ನಿಲ್ಲುತ್ತದೆ, ರೆಪ್ಪೆ ಬಡಿಯುತ್ತದೆ. ಕಿವಿ ಅಲುಗುತ್ತದೆ. ನುಂಗುತ್ತದೆ, ತುಟಿ ಆಡಿಸುತ್ತದೆ. ಬಳಿಕ ತಲೆ ಎತ್ತಿ ಎದೆಯ ಮೇಲೆ ಹೊರಳಿ ಕೂರುತ್ತದೆ. ಇಲ್ಲಿ ಕೂತು ಐದು-ಹತ್ತು ನಿಮಿಷ ಸುಮ್ಮನೆ ನೋಡುತ್ತಿದ್ದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಆ ಹೊತ್ತಿನಲ್ಲಿ ಮಾಲೀಕ ಓಡಿಹೋಗಿ ಕತ್ತು ತಟ್ಟಿ, ‘ಏಳೋ ರಾಜಾ’ ಎಂದು ಹುರಿದುಂಬಿಸುವುದು ಪ್ರೀತಿಯಿಂದಲೇ ಆದರೂ ಮಾಡಬಾರದ ಕೆಲಸ.

ಕಣ್ಣು ಇನ್ನೂ ಓಲಾಡುತ್ತಿರುವಾಗಲೇ ಏಳಲು ಹೊರಟರೆ ಮಾತ್ರ ತಡೆಯಬೇಕು. ವೈದ್ಯರು ಹೇಳಿದ ಒಬ್ಬ ಗಟ್ಟಿ ಆಳು ಕುದುರೆಯ ಬೆನ್ನಿನ ಕಡೆಯಿಂದ ಬಂದು, ಕಿವಿಯ ಹಿಂದೆ ಕತ್ತಿನ ಮೇಲೆ ಮಂಡಿಯೂರಿ ತಲೆಯನ್ನು ನೆಲಕ್ಕೆ ಹಿಡಿಯಬಹುದು. ತಲೆ ಏಳದೆ ಕುದುರೆ ಏಳಲಾರದು. ಕಾಲುಗಳ ಕಡೆ ಯಾವ ಕಾರಣಕ್ಕೂ ಹೋಗಬಾರದು, ಅರೆ ಪ್ರಜ್ಞೆಯ ಒದೆತಕ್ಕೆ ಗುರಿಯೂ ಇಲ್ಲ, ಮುನ್ಸೂಚನೆಯೂ ಇಲ್ಲ. ಅದು ನಿಜವಾಗಿ ಬಲವಾಗಿ ಏಳತೊಡಗಿದಾಗ ಹಿಡಿದವನು ಬಿಟ್ಟು ಹಿಂದಕ್ಕೆ ಸರಿಯಬೇಕು. ಆ ಹೊತ್ತಿಗೆ ಹಿಡಿತ ಮುಂದುವರಿಸುವುದು ಕುದುರೆಗೂ ಆಳಿಗೂ ಅಪಾಯ.

ಹಗ್ಗದಿಂದ ನೆರವಾಗುವ ಕ್ರಮವೂ ಇದೆ: ತಲೆಗೊಂದು, ಬಾಲಕ್ಕೊಂದು ಹಗ್ಗ ಕಟ್ಟಿ, ಗೋಡೆಯ ಭದ್ರವಾದ ಬಳೆಗಳ ಮೂಲಕ ಹೊರಗೆ ತಂದು, ಇಬ್ಬರು ಕೋಣೆಯ ಹೊರಗೆ ನಿಂತು ಸಮತೋಲಕ್ಕೆ ಆಧಾರ ಕೊಡುತ್ತಾರೆ. ಅಭ್ಯಾಸವಿರುವವರ ಕೈಯಲ್ಲಿ ಒಳ್ಳೆಯ ಉಪಾಯ. ಅಭ್ಯಾಸವಿಲ್ಲದವರು ಬೇಗ ಜಗ್ಗಿ ಕುದುರೆಯನ್ನೇ ಕೆಡವುತ್ತಾರೆ. ಎಳೆಯುವುದು ಏನಿದ್ದರೂ ಅದು ತಾನಾಗಿ ಎದ್ದ ಮೇಲೆ, ತೂರಾಡದಂತೆ ಹಿಡಿಯಲಿಕ್ಕೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಬೆರಳು ಕಳೆದುಕೊಳ್ಳುವುದು ಹಾಗೆಯೇ.

ಕೋಣೆ ಎಷ್ಟೇ ಮೆತ್ತಗಿದ್ದರೂ ಸಾಲದ ಸಂದರ್ಭಗಳುಂಟು. 1975ರಲ್ಲಿ ಅಮೆರಿಕದ ಹೆಸರಾಂತ ರೇಸ್ ಕುದುರೆ ರಫಿಯನ್ ಕಾಲು ಮುರಿದುಕೊಂಡು ಶಸ್ತ್ರಚಿಕಿತ್ಸೆಯಾದಾಗ, ಎಚ್ಚರವಾಗುತ್ತ ಇನ್ನೂ ಓಟದಲ್ಲೇ ಇದ್ದಂತೆ ಕಾಲು ಬಡಿದು ಪಟ್ಟಿಯನ್ನೂ ಮೂಳೆಯನ್ನೂ ಮತ್ತೆ ಹಾಳುಮಾಡಿಕೊಂಡಿತು. ಕೊನೆಗೆ ಅದಕ್ಕೆ ದಯಾಮರಣ ಕೊಡಬೇಕಾಯಿತು. 2006ರಲ್ಲಿ ಬಾರ್ಬರೋ ಎಂಬ ಕುದುರೆಯ ಮುರಿದ ಹಿಂಗಾಲಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದಾಗ, ಅದನ್ನು ರಬ್ಬರ್ ತೆಪ್ಪದಲ್ಲಿ ಕೂರಿಸಿ ಬೆಚ್ಚಗಿನ ನೀರಿನ ಕೊಳದಲ್ಲಿ ತೇಲಿಸಿ ಎಚ್ಚರಗೊಳಿಸಿದರು. ಕಾಲು ಬಡಿದರೂ ನೀರಿಗೆ ಬಡಿಯಲಿ ಎಂಬ ಲೆಕ್ಕ. ಅಂಥ ಕೊಳ ನಮ್ಮ ಕಡೆ ನಿರೀಕ್ಷಿಸುವಂಥದ್ದಲ್ಲ. ಆದರೆ ಮೂಳೆಯ, ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಕುದುರೆಯನ್ನು ಆಸ್ಪತ್ರೆಗೋ ಪಶುವೈದ್ಯಕೀಯ ಕಾಲೇಜಿಗೋ ಒಯ್ಯುವ ಮೊದಲು ಫೋನ್ ಮಾಡಿ, ಎಚ್ಚರಗೊಳಿಸುವ ಕೋಣೆಯ ನೆಲ ಎಂಥದು, ಗೋಡೆಗೆ ಮೆತ್ತೆ ಇದೆಯೇ, ಆ ಹೊತ್ತಿನಲ್ಲಿ ಆಮ್ಲಜನಕ ಕೊಡುತ್ತಾರೆಯೇ, ಯಾರು ಕಾಯುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ.

ನಿಂತ ಮೇಲೆ

ನಿಂತಿತೆಂದು ಕೂಡಲೇ ನಡೆಸಬೇಡಿ. ಕಾಲು ಅಗಲಿಸಿ, ತಲೆ ತಗ್ಗಿಸಿ, ತೂಗಾಡುತ್ತ ಸ್ವಲ್ಪ ಹೊತ್ತು ನಿಲ್ಲುತ್ತದೆ. ಒಬ್ಬರು ತಲೆಯ ಪಕ್ಕ ಸಡಿಲ ಹಗ್ಗ ಹಿಡಿದು ನಿಂತರೆ ಸಾಕು. ನಾಲ್ಕೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ, ತಾನಾಗಿ ಒಂದೆರಡು ಹೆಜ್ಜೆ ಇಟ್ಟ ಮೇಲೆ ನಿಧಾನವಾಗಿ ಒಯ್ಯಬಹುದು. ಕಿವಿಯ ಹತ್ತಿ ತೆಗೆಯಿರಿ. ಟೆಂಪೊಗೆ ಹತ್ತಿಸುವುದು ಅದೇ ದಿನ ಬೇಡ.

ಚೆನ್ನಾಗಿ ನುಂಗುತ್ತಿದೆ ಎಂದು ಖಚಿತವಾದ ಮೇಲೆ ಮೊದಲು ನೀರು, ಆಮೇಲೆ ಒಂದು ಹಿಡಿ ಹಸಿ ಹುಲ್ಲು. ಒಣ ಜೋಳದ ಕಣಿಕೆ, ಶೇಂಗಾ ಹೊಟ್ಟು, ನೆನೆಯದ ಕಡಲೆ ಆ ದಿನ ಮುಟ್ಟಿಸಬೇಡಿ. ಅರಿವಳಿಕೆಯಿಂದ ಕರುಳು ನಿಧಾನವಾಗಿರುತ್ತದೆ, ಒಣ ಮೇವು ಗಂಟುಕಟ್ಟಿ ಹೊಟ್ಟೆನೋವು ತರುತ್ತದೆ. ಲದ್ದಿಯ ಮೇಲೆ ಗಮನವಿರಲಿ: ಯಾವಾಗ ಹಾಕಿತು, ಎಷ್ಟು, ಒಣಗಿದೆಯೇ ಎಂದು ಬರೆದಿಡಿ.

ಅಂದು ರಾತ್ರಿ ಎದ್ದು ನೋಡುವವರೊಬ್ಬರು ಬೇಕು. ನೆಮ್ಮದಿಯ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಬಡಿತ 60 ದಾಟಿದರೆ, ಹೊಟ್ಟೆಯ ಕಡೆ ತಿರುಗಿ ನೋಡುತ್ತ ಹೊರಳಾಡಿದರೆ, ಒಂದು ಕಾಲಿಗೆ ಭಾರವೇ ಹಾಕದಿದ್ದರೆ ವೈದ್ಯರಿಗೆ ತಡಮಾಡದೆ ತಿಳಿಸಿ. ಭುಜ ಇಲ್ಲವೇ ತೊಡೆಯ ಸ್ನಾಯು ಹಲಗೆಯಂತೆ ಬಿಗಿದು ಬೆವರು ಸುರಿಯುತ್ತಿದ್ದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಸ್ನಾಯು ಹಾಳಾದ ಲಕ್ಷಣ, ಬೆಳಗಿನವರೆಗೆ ಕಾಯುವಂಥದ್ದಲ್ಲ. ಬೀಜ ತೆಗೆಸಿದ ಕುದುರೆಯ ಗಾಯದಿಂದ ಹನಿಹನಿ ರಕ್ತ ಬರುವುದು ಸಹಜ. ಧಾರೆಯಾಗಿ ಸುರಿದರೆ, ಅಥವಾ ಗಾಯದಿಂದ ಕರುಳಿನಂಥದ್ದು ಇಣುಕಿದರೆ ಕುದುರೆಯನ್ನು ಅಲುಗಾಡಿಸದೆ ನಿಲ್ಲಿಸಿ, ಇಳಿದದ್ದನ್ನು ತೊಳೆದ ಒದ್ದೆ ಬಟ್ಟೆಯಲ್ಲಿ ಎತ್ತಿಹಿಡಿದು, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಪಶು ಸಹಾಯವಾಣಿ 1962.